ಆಡಿದವರ ಮಾತು: 'ಲೈಫ್‌ಲೈನ್' ಎಂಬ ಪಠ್ಯಕ್ರೀಡೆಯ ಗ್ರಹಿಕೆಯನ್ನು ಕುರಿತು

೧

ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸದಲ್ಲಿ ಬಹುಕಾಲ ಕಳೆದ ನಮ್ಮನ್ನು ಒಂದು ಕೊರತೆ ಸದಾ ಕಾಡಿದೆ. ಕವಿಯ ಕುಲ, ಕಾಲ, ಮತ, ಆಶ್ರಯದಾತ ಇವುಗಳ ವಿಷಯದಲ್ಲಿ ಶಾಸನಗಳಿಂದಲೂ ಕಾವ್ಯಗಳ ಪೀಠಿಕಾಭಾಗಗಳಿಂದಲೂ ಅಷ್ಟಿಷ್ಟು ತಿಳಿದುಬರುತ್ತದೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಪ್ರತಿ ಮುಗಿಸಿದ ತಿಥಿಯನ್ನೂ ಬರೆದಿಡುವುದುಂಟು. ಆದರೆ ಆ ಕಾವ್ಯವನ್ನು ಕೇಳಿದವರು ಏನೆಂದರು? ಯಾವ ಸಂಧಿಯಲ್ಲಿ ಕಣ್ಣೀರಿಟ್ಟರು, ಯಾವ ವರ್ಣನೆಯಲ್ಲಿ ಆಕಳಿಸಿದರು? ಈ ಪ್ರಶ್ನೆಗಳಿಗೆ ನಮ್ಮ ಆಕರಗಳು ಬಹುಮಟ್ಟಿಗೆ ಮೌನವಾಗಿವೆ. ಶಾಸ್ತ್ರವನ್ನು ಓದದ ಸಾಮಾನ್ಯ ಜನರಲ್ಲಿಯೂ ಕಾವ್ಯವಿವೇಕವುಂಟೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಅಭಿಮಾನದಿಂದ ಹೇಳುತ್ತದೆ. ಆದರೆ ಆ ಜನರ ವಿವೇಕ ಯಾವ ಮಾತಿನಲ್ಲಿ ಪ್ರಕಟವಾಯಿತೆಂಬುದಕ್ಕೆ ಒಂದು ಉದಾಹರಣೆಯನ್ನೂ ಅದು ನಮಗೆ ಉಳಿಸಿಕೊಟ್ಟಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯೊಂದು ಈಗ ನಮ್ಮ ಕಣ್ಣೆದುರಿಗಿದೆ. ಗಣಕಯಂತ್ರದಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಆಡುವ ಪಠ್ಯಾಧಾರಿತ ಕಥಾಕ್ರೀಡೆಗಳ ವಿಷಯದಲ್ಲಿ ಶಾಸ್ತ್ರೀಯ ವಿಮರ್ಶೆ ಅಲ್ಪ. ಆಡಿದವರ ಅಭಿಪ್ರಾಯಗಳಾದರೋ ಹೇರಳ. ವಿಮರ್ಶಕರು ಅವುಗಳನ್ನು ಗ್ರಾಹಕರ ದೂರು-ಪ್ರಶಂಸೆಗಳೆಂದು ಬಗೆದು ಬದಿಗಿಡುವುದೇ ರೂಢಿ. ಅಂಥ ಒಂದು ಕೃತಿಯನ್ನೂ ಅದನ್ನು ಆಡಿದವರ ಅಭಿಪ್ರಾಯಗಳನ್ನೂ ಒಟ್ಟಿಗೆ ಪರಿಶೀಲಿಸಿ, ಈ ರೂಢಿ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ವಿಭಾಗದ ಕೆಲವು ಸಂಶೋಧನ ವಿದ್ಯಾರ್ಥಿಗಳು ನಮ್ಮೊಡನೆ ಈ ಕೃತಿಯನ್ನು ಆಡಿ ಚರ್ಚಿಸಿದರು. ಅವರ ಮಾತುಗಳೂ ಇಲ್ಲಿ ನಮ್ಮ ಆಕರಗಳಲ್ಲಿ ಸೇರಿವೆ.

೨

ಮೊದಲು ಈ ಪ್ರಕಾರದ ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ೧೯೭೬ರಲ್ಲಿ ವಿಲ್ ಕ್ರೌದರ್ ಎಂಬ ಅಮೆರಿಕದ ಗಣಕತಜ್ಞರು ಗುಹೆಯೊಂದರ ಸಂಚಾರವನ್ನು ಬರಿಯ ಮಾತುಗಳಲ್ಲಿ ನಿರೂಪಿಸುವ ಆಟವನ್ನು ರಚಿಸಿದರು. ೧೯೭೭ರಲ್ಲಿ ಡಾನ್ ವುಡ್ಸ್ ಅದನ್ನು ವಿಸ್ತರಿಸಿದರು. ಆಡುವವರು ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಮುಂದುವರಿಯಬೇಕಾದ ಪದ್ಧತಿ ಅದು. ೧೯೭೯ರಲ್ಲಿ ಸ್ಥಾಪಿತವಾದ ಇನ್ಫೋಕಾಂ ಸಂಸ್ಥೆ ಈ ಪದ್ಧತಿಗೆ ಸಾಹಿತ್ಯಗುಣವನ್ನು ತಂದುಕೊಟ್ಟಿತು. ಸ್ಟೀವ್ ಮೆರೆಟ್ಸ್ಕಿ ಅವರ 'ಪ್ಲಾನೆಟ್‌ಫಾಲ್' (೧೯೮೩) ಎಂಬ ವೈಜ್ಞಾನಿಕ ಕಥಾಕ್ರೀಡೆಯಲ್ಲಿ ಫ್ಲಾಯ್ಡ್ ಎಂಬ ಮಗುಸ್ವಭಾವದ ಯಂತ್ರಮಾನವನು ನಾಯಕನಿಗಾಗಿ ಪ್ರಾಣ ಕೊಡುತ್ತಾನೆ. ಆ ಸನ್ನಿವೇಶದಲ್ಲಿ ಅತ್ತವರು ಅನೇಕರೆಂಬುದು ಈ ಕ್ಷೇತ್ರದಲ್ಲಿ ಪ್ರಸಿದ್ಧವಾದ ಸಂಗತಿ. ಇನ್ನೊಂದು ಕವಲು ಪುಸ್ತಕಗಳದು. ಎಡ್ವರ್ಡ್ ಪ್ಯಾಕರ್ಡ್ ಅವರ 'ದಿ ಕೇವ್ ಆಫ್ ಟೈಮ್' (೧೯೭೯) ಮೊದಲಾದ ಕೃತಿಗಳಲ್ಲಿ ಓದುವ ಮಗುವೇ ಮುಂದಿನ ಪುಟವನ್ನು ಆರಿಸಿಕೊಳ್ಳಬೇಕು. ಆಜ್ಞೆ ಬರೆಯುವ ಪದ್ಧತಿ ಹಿಂದೆ ಸರಿದು, ಕೊಟ್ಟ ಆಯ್ಕೆಗಳಲ್ಲೊಂದನ್ನು ಮುಟ್ಟುವ ಪದ್ಧತಿ ಮುಂದೆ ಬಂದಾಗ ಈ ಎರಡು ಕವಲುಗಳು ಕೂಡಿಕೊಂಡುವು.

'ಲೈಫ್‌ಲೈನ್' ಅಂಥ ಆಯ್ಕೆಪ್ರಧಾನ ಕೃತಿ. ೨೦೧೫ರ ಏಪ್ರಿಲ್‌ನಲ್ಲಿ ತ್ರೀ ಮಿನಿಟ್ ಗೇಮ್ಸ್ ಸಂಸ್ಥೆ ಇದನ್ನು ಪ್ರಕಟಿಸಿತು. ಲೇಖಕರು ಚಿತ್ರಕಥಾಸಾಹಿತ್ಯದಲ್ಲಿಯೂ ಕೃಷಿ ಮಾಡಿರುವ ಡೇವ್ ಜಸ್ಟಸ್. ಕಥಾವಸ್ತು ಸರಳ. 'ವೇರಿಯಾ' ಎಂಬ ಆಕಾಶನೌಕೆ ಅಪರಿಚಿತ ಉಪಗ್ರಹವೊಂದರ ಮೇಲೆ ಬಿದ್ದು ಒಡೆದಿದೆ. ಟೇಲರ್ ಎಂಬ ವಿದ್ಯಾರ್ಥಿ ಬದುಕುಳಿದು ಸಂದೇಶ ಕಳುಹಿಸುವುದು ನಮ್ಮ ಫೋನಿಗೆ ಮುಟ್ಟುತ್ತದೆ. ಟೇಲರ್‌ಗೆ ಇರುವ ಸಂಪರ್ಕ ನಾವೊಬ್ಬರೇ. ಎಲ್ಲಿಗೆ ನಡೆಯಬೇಕು, ಎಲ್ಲಿ ಮಲಗಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ನಾವು ಹೇಳಬೇಕು. ಹೇಳುವುದಕ್ಕೆ ಪ್ರತಿಬಾರಿಯೂ ಸಾಮಾನ್ಯವಾಗಿ ಎರಡೇ ಉತ್ತರಗಳು ದೊರೆಯುತ್ತವೆ. ಚಿತ್ರಗಳಿಲ್ಲ, ಉಪಗ್ರಹದ ನಕ್ಷೆಯಿಲ್ಲ. ಇರುವುದು ಮಾತು, ಮಾತುಗಳ ನಡುವೆ ಕಾಲ.

೩

ಕಾಲದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಆಡಿದವರ ಅಭಿಪ್ರಾಯಗಳಲ್ಲಿಯೂ ಅದಕ್ಕೇ ಅಗ್ರಸ್ಥಾನ. ಟೇಲರ್ ಒಂದು ಶಿಖರದ ಕಡೆಗೆ ನಡೆಯತೊಡಗಿದರೆ ಮುಂದಿನ ಸಂದೇಶ ಒಡನೆ ಬರುವುದಿಲ್ಲ. ನಡೆಯಲು ಹಿಡಿಯುವ ಹೊತ್ತು ನಮ್ಮ ಗಡಿಯಾರದಲ್ಲಿಯೂ ಕಳೆಯಬೇಕು. ಟೇಲರ್ ಮಲಗಿದರೆ ರಾತ್ರಿಯ ಕಾಲ ಮೌನ. ಅನಂತರ ನಾವು ಬಸ್ಸಿನಲ್ಲಿರುವಾಗಲೋ ಪಾಠದ ಕೊಠಡಿಯಲ್ಲಿರುವಾಗಲೋ ಫೋನು ಮಿಡಿದು ಟೇಲರ್ ಎದ್ದ ಸುದ್ದಿ ಬರುತ್ತದೆ.

ಕೆಲವರು ಇದನ್ನು ಕೃತಿಯ ಪರಮಗುಣವೆಂದು ಕೊಂಡಾಡಿದ್ದಾರೆ. ಟೇಲರ್ ಸುರಕ್ಷಿತವಾಗಿದ್ದಾರೆಯೇ ಎಂಬ ಚಿಂತೆ ದಿನದ ಇತರ ಕೆಲಸಗಳ ನಡುವೆಯೂ ಬಿಡಲಿಲ್ಲವೆಂಬುದು ಅವರ ಅನುಭವ. ಮತ್ತೆ ಕೆಲವರು ಇದನ್ನೇ ದೋಷವೆಂದು ಎಣಿಸಿದ್ದಾರೆ. ಆಡಬೇಕೆಂದು ಕುಳಿತಾಗ ಆಟ ಇರುವುದಿಲ್ಲ, ಬೇರೆ ಕೆಲಸದಲ್ಲಿದ್ದಾಗ ಕರೆಯುತ್ತದೆ ಎಂಬುದು ಅವರ ಆಕ್ಷೇಪ.

ಈ ಎರಡು ಅಭಿಪ್ರಾಯಗಳು ಮೇಲುನೋಟಕ್ಕೆ ವಿರುದ್ಧವಾಗಿದ್ದರೂ ಗುರುತಿಸುತ್ತಿರುವ ಸಂಗತಿ ಒಂದೇ. ಕಥನದ ಕಾಲವನ್ನು ಓದುಗನು ಆಳುವುದು ಮುದ್ರಿತ ಪುಸ್ತಕ ನಮಗೆ ಕೊಟ್ಟ ಸ್ವಾತಂತ್ರ್ಯ. ಬೇಕಾದಾಗ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು, ಕೊನೆಯ ಪುಟವನ್ನು ಮೊದಲೇ ನೋಡಿಬಿಡಬಹುದು. ಗಮಕಿಯು ರಾತ್ರಿಯಿಂದ ರಾತ್ರಿಗೆ ಭಾರತವನ್ನು ವಾಚಿಸುತ್ತಿದ್ದಾಗ ಕೇಳುಗರಿಗೆ ಈ ಸ್ವಾತಂತ್ರ್ಯವಿರಲಿಲ್ಲ. ಇಂದಿಗೆ ನಿಂತ ಕಥೆ ನಾಳೆಯವರೆಗೆ ಕಾಯಿಸುತ್ತಿತ್ತು. ಆ ಕಾಯುವಿಕೆಯ ಹಗಲಿನಲ್ಲಿ ಕಥೆ ಮನೆಯ ಕೆಲಸಗಳೊಳಗೆ ಬೆರೆಯುತ್ತಿತ್ತು. 'ಲೈಫ್‌ಲೈನ್' ಓದುಗನಿಂದ ಆ ಸ್ವಾತಂತ್ರ್ಯವನ್ನು ಹಿಂದಕ್ಕೆ ಪಡೆಯುತ್ತದೆ. ಕಾಯುವುದು ಆಲಸ್ಯದ ಹೊತ್ತಾಗದೆ ಹೊಣೆಯ ಹೊತ್ತಾಗುತ್ತದೆ. ಹೊಗಳುವವರಿಗೂ ಹಳಿಯುವವರಿಗೂ ತಾಗಿರುವುದು ಈ ಹೊಣೆಯೇ. ಕೃತಿಯ ಮುಖ್ಯಗುಣ ಇದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಇಲ್ಲಿ ಒಂದು ದೌರ್ಬಲ್ಯವನ್ನೂ ಹೇಳಬೇಕು. ಒಮ್ಮೆ ಕೊನೆ ಮುಟ್ಟಿದವರಿಗೆ ಕೃತಿಯು ಹಿಂದಿನ ಆಯ್ಕೆಗಳಿಗೆ ಮರಳುವ ಮತ್ತು ಕಾಯದೆ ವೇಗವಾಗಿ ಸಾಗುವ ಅನುಕೂಲವನ್ನು ಕೊಡುತ್ತದೆ. ಎಲ್ಲ ಕವಲುಗಳನ್ನೂ ನೋಡಬಯಸುವವರಿಗೆ ಇದು ಉಪಕಾರ. ಆದರೆ ವೇಗದ ಓದಿನಲ್ಲಿ ಕಥೆ ತೆಳುವಾಯಿತೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಹೇಳಿದರು. ನಮಗೂ ಹಾಗೆಯೇ ಅನ್ನಿಸಿತು. ಅಪರಿಚಿತ ಗ್ರಹ, ನಾಶವಾದ ನೌಕೆ, ಕಾಣದ ಶತ್ರು ಇವೆಲ್ಲ ವೈಜ್ಞಾನಿಕ ಕಥೆಗಳಲ್ಲಿ ಬಹುಕಾಲದಿಂದ ಬಳಸಿ ಸವೆದ ಸಾಮಗ್ರಿಗಳು. ಕಾಲವನ್ನು ತೆಗೆದರೆ ಈ ಸವಕಲು ಎದ್ದು ಕಾಣುತ್ತದೆ.

೪

ಎರಡನೆಯ ಅಭಿಪ್ರಾಯವರ್ಗ ಆಯ್ಕೆಯನ್ನು ಕುರಿತದ್ದು. ಇದರಲ್ಲಿ ಪದೇಪದೇ ಕೇಳಿಬರುವ ದೂರು, ತಾವು ಮಾಡಿದ ಆಯ್ಕೆಗಳಿಗೆ ಬೆಲೆಯಿಲ್ಲ ಎಂಬುದು. ಬೇರೆ ಬೇರೆ ಉತ್ತರ ಕೊಟ್ಟರೂ ಕಥೆ ಒಂದೇ ದಾರಿಗೆ ಬಂದು ಸೇರುತ್ತದೆ. ಇಲ್ಲವೆ ತಪ್ಪಿದವರನ್ನು ಸಾವಿಗೆ ಒಯ್ದು ನಿಲ್ಲಿಸುತ್ತದೆ.

ರಚನೆಯ ದೃಷ್ಟಿಯಿಂದ ಈ ದೂರು ಸತ್ಯಕ್ಕೆ ದೂರವಲ್ಲ. ಆಯ್ಕೆಪ್ರಧಾನ ಕೃತಿಗಳ ರಚನಾವಿನ್ಯಾಸಗಳನ್ನು ಸ್ಯಾಮ್ ಕ್ಯಾಬೊ ಆಶ್ವೆಲ್ ೨೦೧೫ರಲ್ಲಿ ವರ್ಗೀಕರಿಸಿ ತೋರಿಸಿದ್ದಾರೆ. ಕವಲುಗಳು ಎಂದೂ ಕೂಡದೆ ಒಡೆಯುತ್ತಲೇ ಹೋಗುವುದು ಒಂದು ಬಗೆ. ಕವಲೊಡೆದು ಮತ್ತೆ ಇಕ್ಕಟ್ಟಾದ ಬಾಗಿಲೊಂದರಲ್ಲಿ ಕೂಡುವುದು ಇನ್ನೊಂದು. ನಡುವೆ ಒಂದೇ ಉದ್ದದಾರಿಯಿದ್ದು, ಅಕ್ಕಪಕ್ಕಕ್ಕೆ ಸರಿದವರು ಸಾಯುವುದೋ ಮರಳುವುದೋ ಆಗುವ ವಿನ್ಯಾಸ ಮತ್ತೊಂದು. 'ಲೈಫ್‌ಲೈನ್' ಈ ಕೊನೆಯದಕ್ಕೆ ಸಮೀಪವಾದದ್ದು. ಆದುದರಿಂದ ಕಥೆಯನ್ನು ತಾವೇ ಕಟ್ಟಬೇಕೆಂದು ಬಂದವರು ನಿರಾಶರಾಗುವುದು ಸಹಜ.

ಆದರೆ ಆಯ್ಕೆಯ ಬೆಲೆಯನ್ನು ಅದು ಉಂಟುಮಾಡುವ ಕವಲುಗಳ ಸಂಖ್ಯೆಯಿಂದ ಮಾತ್ರ ಅಳೆಯಬಹುದೇ? ಕೃತಿಯಲ್ಲಿ ಬಹು ಚರ್ಚಿತವಾದ ಒಂದು ಸನ್ನಿವೇಶವನ್ನು ನೋಡೋಣ. ಮೊದಲ ರಾತ್ರಿ ಸಮೀಪಿಸುತ್ತಿದೆ. ಉಪಗ್ರಹದ ಚಳಿ ಕೊಲ್ಲುವಂಥದು. ನೌಕೆಯ ರಿಯಾಕ್ಟರಿನ ಬಳಿ ಬೆಚ್ಚಗಿದೆ; ಆದರೆ ಅಲ್ಲಿ ವಿಕಿರಣ ೧೫೦ ರ‍್ಯಾಡ್. ಅಷ್ಟನ್ನು ಮನುಷ್ಯಶರೀರ ತಾಳುವುದೇ ಎಂದು ಟೇಲರ್ ನಮ್ಮನ್ನೇ ಕೇಳುತ್ತಾರೆ. ಉತ್ತರ ಕೃತಿಯೊಳಗಿಲ್ಲ. ಇಲ್ಲಿ ಅನೇಕರು ಆಟವನ್ನು ಬಿಟ್ಟು ಹೊರಗೆ ಹೋಗಿ, ವಿಕಿರಣದ ಪ್ರಮಾಣಗಳನ್ನು ಹುಡುಕಿ ಓದಿ ಬಂದು ಉತ್ತರ ಕೊಟ್ಟಿದ್ದಾರೆ. ೧೫೦ ರ‍್ಯಾಡ್ ಎಂದರೆ ಈಗಿನ ಮಾನದಲ್ಲಿ ೧.೫ ಗ್ರೇ. ಅದರಿಂದ ಓಕರಿಕೆ, ನಿಶ್ಶಕ್ತಿ ಬರಬಹುದು, ಸಾವು ವಿರಳ. ಚಿಕಿತ್ಸೆಯಿಲ್ಲದಿದ್ದರೆ ಅರ್ಧದಷ್ಟು ಜನರನ್ನು ಕೊಲ್ಲುವ ಪ್ರಮಾಣ ಸುಮಾರು ೪೦೦ ರ‍್ಯಾಡ್‌ನ ಆಸುಪಾಸಿನದು. ಕಲ್ಪಿತ ವ್ಯಕ್ತಿಯೊಬ್ಬರ ನಿದ್ದೆಗಾಗಿ ನಿಜವಾದ ವೈದ್ಯಕೀಯ ಮಾಹಿತಿಯನ್ನು ಹುಡುಕಿಕೊಂಡು ಹೋದವನ ಆಯ್ಕೆಗೆ ಬೆಲೆಯಿಲ್ಲವೆಂದು ಹೇಳುವುದು ಹೇಗೆ? ಆಯ್ಕೆಯ ಬೆಲೆ ಇಲ್ಲಿ ಕಥೆಯ ತಿರುವಿನಲ್ಲಿಲ್ಲ, ಆಯ್ದವನ ನಡತೆಯಲ್ಲಿದೆ.

ಸಾವಿನ ಸಂದರ್ಭದಲ್ಲಿ ಇದು ಇನ್ನೂ ಸ್ಪಷ್ಟ. ತಮ್ಮ ಸಲಹೆಯಿಂದ ಟೇಲರ್ ಸತ್ತಾಗ ಪಾಪಪ್ರಜ್ಞೆಯಿಂದ ನರಳಿದೆವೆಂದು ಹೇಳಿಕೊಂಡವರಿದ್ದಾರೆ. ಇದನ್ನು ಭಾವಾತಿರೇಕವೆಂದು ನಗುವವರೂ ಇದ್ದಾರೆ. ಜನ್ನನ 'ಯಶೋಧರ ಚರಿತೆ'ಯನ್ನು (೧೨೦೯) ಓದಿದವರು ಹಾಗೆ ನಗಲಾರರು. ಅಲ್ಲಿ ಯಶೋಧರನು ಬಲಿಗೊಡುವುದು ಜೀವವುಳ್ಳ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಅವನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಬೇಕಾಗುತ್ತದೆ. ಹಿಂಸೆ ನಡೆದದ್ದು ಹಿಟ್ಟಿನಲ್ಲಲ್ಲ, ಸಂಕಲ್ಪದಲ್ಲಿ ಎಂಬುದು ಕಾವ್ಯದ ತಾತ್ಪರ್ಯ. ಟೇಲರ್ ಅಕ್ಷರಗಳ ಗೊಂಬೆ ಎಂಬುದು ಆಡುವವರಿಗೆ ಗೊತ್ತು. ಯಶೋಧರನಿಗೂ ಅದು ಹಿಟ್ಟೆಂದು ಗೊತ್ತಿತ್ತು. ಎರಡು ಸಂದರ್ಭಗಳ ಅಂತರವನ್ನು ನಾವು ಮರೆಯುತ್ತಿಲ್ಲ. ಯಶೋಧರನು ಕೊಲ್ಲುವ ಸಂಕಲ್ಪದಿಂದ ಕತ್ತಿ ಎತ್ತಿದವನು. ಆಡುವವನದು ಉಳಿಸುವ ಸಂಕಲ್ಪ, ಕೆಡುವುದು ಅವನ ತಿಳಿವಳಿಕೆ. ಇಬ್ಬರಲ್ಲಿ ಮರುಕ ಹೆಚ್ಚು ಸಲ್ಲಬೇಕಾದವನು ಎರಡನೆಯವನೆಂದು ನಮಗೆ ತೋರುತ್ತದೆ. ಹಿಂದಿನ ಆಯ್ಕೆಗೆ ಮರಳಿ ಟೇಲರ್‌ನನ್ನು ಬದುಕಿಸಿಕೊಳ್ಳಬಹುದಾಗಿದ್ದರೂ ಮರಳದೆ ಬಿಟ್ಟೆನೆಂದು ನಮ್ಮ ವಿದ್ಯಾರ್ಥಿಯೊಬ್ಬರು ಹೇಳಿದರು. ಕಾರಣ ಕೇಳಿದಾಗ, "ಅದು ಮೋಸವಾಗುತ್ತಿತ್ತು ಸರ್" ಎಂದರು. ಅದು ಯಾರಿಗೆ ಮೋಸವೆಂದು ನಾವು ಮತ್ತೆ ಕೇಳಲಿಲ್ಲ.

೫

ಹಿಂದಿನ ಪರಿಚ್ಛೇದದ ಕೊನೆಯಲ್ಲಿ ನಾವು 'ಟೇಲರ್‌ನನ್ನು' ಎಂದು ಬರೆದಿರುವುದನ್ನು ಎಚ್ಚರದ ಓದುಗರು ಗಮನಿಸಿರಬಹುದು. ಅದುವರೆಗೆ ಗೌರವಾರ್ಥದ ಬಹುವಚನದಿಂದ ಪ್ರಶ್ನೆಯನ್ನು ಮರೆಸಿಕೊಂಡು ಬಂದ ನಮ್ಮ ಲೇಖನಿ ಅಲ್ಲಿ ಜಾರಿತು. ತಿದ್ದಬಹುದಾಗಿತ್ತು; ಚರ್ಚೆಗೆ ಉಪಯುಕ್ತವೆಂದು ಹಾಗೆಯೇ ಬಿಟ್ಟಿದ್ದೇವೆ. ಏಕೆಂದರೆ ಟೇಲರ್ ಗಂಡೋ ಹೆಣ್ಣೋ ಎಂಬುದನ್ನು ಕೃತಿ ಎಲ್ಲಿಯೂ ಹೇಳುವುದಿಲ್ಲ. ಆ ಹೆಸರು ಇಂಗ್ಲಿಷಿನಲ್ಲಿ ಇಬ್ಬರಿಗೂ ಸಲ್ಲುತ್ತದೆ. ಇದು ಉದ್ದೇಶಪೂರ್ವಕವೆಂದು ಲೇಖಕರೇ ತಿಳಿಸಿದ್ದಾರೆ. ಆಡಿದವರ ಅಭಿಪ್ರಾಯಗಳಲ್ಲಾದರೋ ಅನೇಕರು ಸಂದೇಹದ ಸುಳಿವೂ ಇಲ್ಲದೆ 'ಅವನು' ಎನ್ನುತ್ತಾರೆ, ಅಷ್ಟೇ ನಿಶ್ಚಯದಿಂದ ಇನ್ನುಳಿದವರು 'ಅವಳು' ಎನ್ನುತ್ತಾರೆ. ತಾವು ಕಲ್ಪಿಸಿಕೊಂಡದ್ದನ್ನು ತಾವು ಓದಿದ್ದೆಂದು ನಂಬುವ ಓದಿನ ಸ್ವಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಪಠ್ಯದ ಖಾಲಿ ಜಾಗಗಳನ್ನು ಓದುಗನು ತುಂಬುತ್ತಾನೆಂದು ವುಲ್ಫ್‌ಗಾಂಗ್ ಈಸರ್ ಪ್ರತಿಪಾದಿಸಿದ್ದ ವಿಚಾರ ಇಲ್ಲಿ ಲೆಕ್ಕಕ್ಕೆ ಸಿಗುವಷ್ಟು ಪ್ರತ್ಯಕ್ಷವಾಗುತ್ತದೆ.

ರಾಜ್ಯದ ಹೊರಗೆ, ಅನ್ಯಭಾಷೆಗಳ ನಡುವೆ ಕನ್ನಡವನ್ನು ಅಭ್ಯಸಿಸುವ ನಮಗೆ ಈ ಪ್ರಶ್ನೆಯ ಇನ್ನೊಂದು ಮುಖವೂ ಕಾಣುತ್ತದೆ. ಈ ಕೃತಿಯನ್ನು ನಮ್ಮ ಭಾಷೆಗಳಿಗೆ ತರುವುದಾದರೆ ಏನಾಗುತ್ತದೆ? ಟೇಲರ್ ಆಡುವ ಮಾತೆಲ್ಲ ಉತ್ತಮಪುರುಷದ್ದು. ಹಿಂದಿಯಲ್ಲಿ 'ಮೈಂ ಸೋ ಗಯಾ' ಅಥವಾ 'ಮೈಂ ಸೋ ಗಯೀ' ಎನ್ನಲೇಬೇಕು. ಮರಾಠಿಯಲ್ಲಿ 'ಮೀ ಝೋಪಲೋ' ಅಥವಾ 'ಮೀ ಝೋಪಲೇ'. ಮೊದಲ ಭೂತಕಾಲದ ಕ್ರಿಯಾಪದದಲ್ಲಿಯೇ ಗುಟ್ಟು ರಟ್ಟಾಗುತ್ತದೆ. ಕನ್ನಡದಲ್ಲಿ 'ನಾನು ಮಲಗಿದೆ' ಎಂದರೆ ಮುಗಿಯಿತು. ತಮಿಳು, ತೆಲುಗುಗಳಲ್ಲಿಯೂ ಉತ್ತಮಪುರುಷದ ಕ್ರಿಯಾಪದ ಲಿಂಗವನ್ನು ಹೇಳುವುದಿಲ್ಲ. ಹೀಗಾಗಿ ಟೇಲರ್ ತಾವೇ ಮಾತಾಡುತ್ತಿರುವಷ್ಟು ಹೊತ್ತು ಕನ್ನಡದಲ್ಲಿ ಕೃತಿಯ ಮರೆ ಕೆಡದೆ ಉಳಿಯುತ್ತದೆ. ಅದು ಕೆಡುವುದು ಆಡಿದವರು ಟೇಲರ್ ವಿಷಯವಾಗಿ ಮಾತಾಡತೊಡಗಿದಾಗ, ಅಂದರೆ ಅಭಿಪ್ರಾಯ ಹೇಳುವಾಗ. 'ಮಲಗಿದನು', 'ಮಲಗಿದಳು' ಎಂಬ ಎರಡರಲ್ಲೊಂದನ್ನು ಆರಿಸದೆ ಕನ್ನಡದಲ್ಲಿ ಪ್ರಥಮಪುರುಷದ ಮಾತು ಮುಂದುವರಿಯದು. ಕೃತಿ ಕೇಳದ ಆಯ್ಕೆಯನ್ನು ವ್ಯಾಕರಣ ಕೇಳುತ್ತದೆ.

'ಮಲಗಿದರು' ಎಂಬ ಗೌರವರೂಪ ಉಪಾಯವಾದರೂ ಪರಿಹಾರವಲ್ಲ. ಚಳಿಯಲ್ಲಿ ನಡುಗುತ್ತ ಅರ್ಧರಾತ್ರಿ ನಮ್ಮನ್ನು ಕರೆಯುವ ವಿದ್ಯಾರ್ಥಿಗೆ ಅದು ಸಭಾಮರ್ಯಾದೆಯ ದೂರವನ್ನು ತರುತ್ತದೆ. ನಮ್ಮ ಚರ್ಚೆಯಲ್ಲಿ ಈ ತೊಡಕನ್ನು ಬಿಡಿಸಿದವರು ಪಂಡಿತರಲ್ಲ. ವಿದ್ಯಾರ್ಥಿನಿಯೊಬ್ಬರು ಅಪ್ರಯತ್ನವಾಗಿ, "ಪಾಪ, ಅದಕ್ಕೆ ಎಷ್ಟು ಚಳಿ ಆಗಿರಬೇಕು" ಎಂದರು. ಮಕ್ಕಳನ್ನು ಕುರಿತು ಮನೆಯ ಹಿರಿಯರು ಅಕ್ಕರೆಯಿಂದ ಬಳಸುವ ನಪುಂಸಕಲಿಂಗ ಅದು. 'ಕೂಸು', 'ಮಗು' ಎಂಬ ಶಬ್ದಗಳೊಡನೆ ಬರುವ ಈ ಪ್ರಯೋಗದಲ್ಲಿ ತಿರಸ್ಕಾರವಿಲ್ಲ, ಲಿಂಗದ ಗೊಡವೆಯಿಲ್ಲ, ಕಾಪಾಡಬೇಕೆಂಬ ಭಾವವಿದೆ. ಟೇಲರ್‌ಗೂ ಆಡುವವರಿಗೂ ಇರುವ ಸಂಬಂಧವನ್ನು ಈ ಒಂದು ಸರ್ವನಾಮ ಹಿಡಿದಷ್ಟು ಸಮರ್ಪಕವಾಗಿ ನಮ್ಮ ದೀರ್ಘವಾದ ವಿವರಣೆ ಹಿಡಿದಿಲ್ಲ. ಕನ್ನಡಕ್ಕೆ ತರುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

೬

ಒಂದೇ ಕೃತಿಯಿಂದ ಸಾಮಾನ್ಯ ನಿರ್ಣಯಕ್ಕೆ ಬರುವುದು ಸಲ್ಲದು. ಆದುದರಿಂದ ಭಿನ್ನಸ್ವಭಾವದ ಎರಡು ಕೃತಿಗಳನ್ನು ಹೋಲಿಕೆಗಾಗಿ ನೋಡಬಹುದು.

ಕೆವಿನ್ ಗೋಲ್ಡ್ ಅವರ 'ಚಾಯ್ಸ್ ಆಫ್ ರೋಬಾಟ್ಸ್' ೨೦೧೪ರಲ್ಲಿ ಚಾಯ್ಸ್ ಆಫ್ ಗೇಮ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಲೇಖಕರು ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಸಂಶೋಧನೆ ಮಾಡಿದವರು. ಇಲ್ಲಿ ಆಡುವವರು ಯಂತ್ರಮಾನವರನ್ನು ನಿರ್ಮಿಸುವ ವಿಜ್ಞಾನಿ. ಕಥೆ ಹಲವು ದಶಕಗಳ ಜೀವನವನ್ನು ವ್ಯಾಪಿಸುತ್ತದೆ. ಮಾಡಿದ ಆಯ್ಕೆಗಳೆಲ್ಲ ಯಂತ್ರದ ಸ್ವಾತಂತ್ರ್ಯ, ಸಹಾನುಭೂತಿ, ಚಲನಸೌಷ್ಠವ, ಯುದ್ಧಸಾಮರ್ಥ್ಯ ಎಂಬ ನಾಲ್ಕು ಗುಣಗಳ ಅಂಕಗಳಾಗಿ ಸಂಚಯಗೊಂಡು ಮುಂದಿನ ಗತಿಯನ್ನು ನಿರ್ಧರಿಸುತ್ತವೆ. ಕರ್ಮದ ಲೆಕ್ಕವನ್ನು ನೆನಪಿಗೆ ತರುವ ಏರ್ಪಾಡು ಇದು. 'ಲೈಫ್‌ಲೈನ್' ಬಗೆಗಿನ ದೂರುಗಳೆಲ್ಲಕ್ಕೆ ಇಲ್ಲಿ ಉತ್ತರವಿದ್ದಂತಿದೆ: ಗ್ರಂಥ ದೀರ್ಘ, ಕವಲುಗಳು ಬಹಳ, ಅಂತ್ಯಗಳು ವಿವಿಧ. ಆದರೂ ಹೊಸ ದೂರೊಂದು ಹುಟ್ಟುತ್ತದೆ. ಅಂಕಗಳು ಕಣ್ಣೆದುರಿಗಿರುವಾಗ ಮನಸ್ಸು ಸರಿಯಾದದ್ದನ್ನು ಬಿಟ್ಟು ಲಾಭದ್ದನ್ನು ಆರಿಸತೊಡಗುತ್ತದೆ. ಕವಲುಗಳು ಹೆಚ್ಚಿದಷ್ಟೂ ಹೊಣೆ ಹೆಚ್ಚುವುದೆಂಬ ನಿಯಮವಿಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ತಾವೇ ಹೆಸರಿಟ್ಟು ಬೆಳೆಸಿದ ಮೊದಲ ಯಂತ್ರದ ವಿಷಯದಲ್ಲಿ ಆಡಿದವರು ತೋರುವ ಮಮತೆ ಅಂಕಗಳ ಲೆಕ್ಕವನ್ನು ಮೀರಿದ್ದು.

ಎರಡನೆಯದು ಮೆರೆಟ್ಸ್ಕಿ ಅವರದೇ 'ಎ ಮೈಂಡ್ ಫಾರೆವರ್ ವಾಯೇಜಿಂಗ್' (೧೯೮೫). ಗಣಕಯಂತ್ರವೊಂದು ಕಲ್ಪಿತ ಪಟ್ಟಣದ ಭವಿಷ್ಯವನ್ನು ದಶಕದಿಂದ ದಶಕಕ್ಕೆ ಸುತ್ತಿ ನೋಡಿ, ಸರ್ಕಾರದ ಹೊಸ ಯೋಜನೆಯ ಪರಿಣಾಮಗಳನ್ನು ದಾಖಲಿಸುವ ಕಥೆ. ಅಂದಿನ ಅಮೆರಿಕದ ಅಧ್ಯಕ್ಷ ರೇಗನ್ ಅವರ ನೀತಿಗಳ ವಿಮರ್ಶೆಯಾಗಿ ಅದನ್ನು ಬರೆದ ಮೆರೆಟ್ಸ್ಕಿ ವಿವಾದವನ್ನು ನಿರೀಕ್ಷಿಸಿದ್ದರು. ಅಂಥ ವಿವಾದವೇನೂ ಏಳಲಿಲ್ಲ. ಇಲ್ಲಿ ಆಡುವವರು ಮುಖ್ಯವಾಗಿ ಸಾಕ್ಷಿಗಳು, ಹೊಣೆಗಾರರಲ್ಲ. ಸಾಕ್ಷಿಯಾದವನು ಮೆಚ್ಚಿ ಸುಮ್ಮನಾಗಬಹುದು. ಹೊಣೆಗಾರನಾದವನು ಸುಮ್ಮನಿರಲಾರ. ಯಂತ್ರಮಾನವನೊಬ್ಬನ ಸಾವು ಎಬ್ಬಿಸಿದಷ್ಟು ಮಾತನ್ನು ಒಂದು ಪಟ್ಟಣದ ಅವನತಿ ಎಬ್ಬಿಸದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಮ್ಮ ಊಹೆ.

೭

ಇನ್ನು ಅಭಿಪ್ರಾಯಗಳ ಮೌಲ್ಯವನ್ನು ಕುರಿತು. ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಭಾವಕರನ್ನು ನಾಲ್ಕು ವಿಧವಾಗಿ ವಿಂಗಡಿಸುತ್ತಾನೆ. ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತ ಎಲ್ಲವನ್ನೂ ಮೇಯುವ ಸತೃಣಾಭ್ಯವಹಾರಿ, ಗುಣವನ್ನು ಕಂಡೂ ಕರುಬುವ ಮತ್ಸರಿ, ವಸ್ತುಸ್ವರೂಪವನ್ನು ಗ್ರಹಿಸುವ ತತ್ತ್ವಾಭಿನಿವೇಶಿ. ಆಡಿದವರ ಅಭಿಪ್ರಾಯಗಳನ್ನು ಓದುತ್ತ ಹೋದರೆ ಈ ನಾಲ್ವರೂ ಎದುರಾಗುತ್ತಾರೆ. ವೈಜ್ಞಾನಿಕ ಕಥೆಯೆಂದರೇ ಮೂಗು ಮುರಿಯುವವರಿದ್ದಾರೆ. ಎಲ್ಲಕ್ಕೂ ಪೂರ್ಣಾಂಕ ಕೊಡುವವರಿದ್ದಾರೆ. ಕೊಟ್ಟ ಹಣಕ್ಕೆ ಕೃತಿ ಚಿಕ್ಕದಾಯಿತೆಂಬ ಆಕ್ಷೇಪವನ್ನು ನಾವು ಒಪ್ಪಲಾರೆವು. ಕಾವ್ಯವನ್ನು ಸೇರಿನಲ್ಲಿ ಅಳೆಯುವುದಿಲ್ಲ. ಆದರೆ ಪ್ರಾಣಾಪಾಯದ ನಡುವೆಯೂ ಟೇಲರ್ ಬಿಡದೆ ಹಾಸ್ಯ ಮಾಡುವುದು ಅನೌಚಿತ್ಯವೆಂದು ಕೆಲವರು ಹೇಳಿರುವುದು ವಿಚಾರಾರ್ಹ. ಭಯವನ್ನು ಮುಚ್ಚಿಕೊಳ್ಳಲು ನಗುವವರ ಮನಸ್ಸು ಕೆಲವು ಕಡೆ ಸೊಗಸಾಗಿ ಮೂಡಿದೆ. ಹಲವು ಕಡೆ ಆ ಚಾತುರ್ಯ ಟೇಲರ್‌ರದಾಗದೆ ಲೇಖಕರದೇ ಆಗಿ ಕೇಳಿಸುತ್ತದೆ. ಔಚಿತ್ಯವಿಚಾರವೆಂಬ ಹೆಸರನ್ನೇ ಕೇಳದವರು ಔಚಿತ್ಯಭಂಗವನ್ನು ಸರಿಯಾದ ಜಾಗದಲ್ಲಿ ಬೆರಳಿಟ್ಟು ತೋರಿಸಿದ್ದಾರೆ. 'ಕವಿರಾಜಮಾರ್ಗ' ಅಭಿಮಾನದಿಂದ ಹೇಳಿದ್ದು ಇಂಥ ವಿವೇಕವನ್ನೇ ಇರಬೇಕು.

ಆದರೆ ರಾಜಶೇಖರನ ನಾಲ್ವರಲ್ಲಿ ಸೇರದ ಐದನೆಯವನೊಬ್ಬ ಇಲ್ಲಿದ್ದಾನೆ. ರಾಜಶೇಖರನ ಭಾವಕರು ಯಾರೂ ಕಾವ್ಯದೊಳಗೆ ಕೈಯಿಟ್ಟವರಲ್ಲ. ಕೃತಿ ಪೂರ್ಣವಾದ ಮೇಲೆ ಅದರ ಎದುರು ನಿಂತವರು. ಆಡುವವನು ಕೃತಿಯೊಳಗೆ ಒಂದು ಕೆಲಸ ಮಾಡಿ ಬಂದವನು. ಇವನನ್ನು ಕರ್ತೃಭಾವಕನೆಂದು ಕರೆಯಬಹುದು. ಇವನ ಅಭಿಪ್ರಾಯದಲ್ಲಿ ಎರಡು ಧ್ವನಿಗಳಿವೆ: ಕೃತಿಯನ್ನು ಕುರಿತ ತೀರ್ಪು ಒಂದು, ತನ್ನ ನಡತೆಯನ್ನು ಕುರಿತ ನಿವೇದನೆ ಇನ್ನೊಂದು. 'ಈ ಕೃತಿ ಅನ್ಯಾಯ ಮಾಡಿತು' ಎಂಬ ಅವನ ಮಾತಿನೊಳಗೆ 'ನಾನು ತಪ್ಪು ಹೇಳಿ ಕಳುಹಿಸಿದೆ' ಎಂಬ ಮಾತು ಅಡಗಿರಬಹುದು. ವಿಮರ್ಶಕನು ಈ ಎರಡನ್ನೂ ಬೇರ್ಪಡಿಸಿ ಕೇಳಬೇಕು. ತೀರ್ಪನ್ನು ಮಾತ್ರ ಕೇಳಿದವನಿಗೆ ಗ್ರಾಹಕರ ದೂರು ಕೇಳಿಸುತ್ತದೆ. ನಿವೇದನೆಯನ್ನೂ ಕೇಳಿದವನಿಗೆ ಕೃತಿಯ ನಿಜವಾದ ವ್ಯಾಪಾರ ಗೋಚರವಾಗುತ್ತದೆ.

ಈ ಆಕರಗಳಿಗೆ ಮಿತಿಗಳಿಲ್ಲವೆಂದಲ್ಲ. ಅರ್ಧಕ್ಕೆ ಬಿಟ್ಟವರಲ್ಲಿ ಬಹುಮಂದಿ ಮಾತಾಡುವುದಿಲ್ಲ. ಮಾತಾಡುವವರಲ್ಲಿ ಅತಿಯಾಗಿ ಮೆಚ್ಚಿದವರೂ ಅತಿಯಾಗಿ ಕೆರಳಿದವರೂ ಮುಂದಿರುತ್ತಾರೆ. ಕೃತಿಯ ಸ್ವರೂಪವೇ ಕಾಲಕಾಲಕ್ಕೆ ಪರಿಷ್ಕಾರಗೊಳ್ಳುವುದರಿಂದ ಯಾವ ಪಾಠವನ್ನು ಕುರಿತ ಅಭಿಪ್ರಾಯ ಯಾವುದೆಂಬ ಪ್ರಶ್ನೆಯೂ ಏಳುತ್ತದೆ. ಪಾಠಾಂತರಗಳೊಡನೆ ಏಗಿದ ಹಳಗನ್ನಡದ ವಿದ್ಯಾರ್ಥಿಗಳಿಗೆ ಇದು ಹೊಸ ಸಮಸ್ಯೆಯಲ್ಲ. ನಿಜವಾಗಿ ಹೇಳುವುದಾದರೆ ಈ ಕ್ಷೇತ್ರಕ್ಕೆ ನಮ್ಮ ಗ್ರಂಥಸಂಪಾದನಶಾಸ್ತ್ರದ ಶಿಸ್ತು ಬೇಕಾಗಿದೆ. ಓಲೆಗರಿ ಗೆದ್ದಲು ಹಿಡಿಯುವುದಕ್ಕೆ ಶತಮಾನ ಬೇಕು. ಫೋನಿನ ವ್ಯವಸ್ಥೆ ಬದಲಾದರೆ ಇಂಥ ಕೃತಿ ಕೆಲವೇ ವರ್ಷಗಳಲ್ಲಿ ತೆರೆಯದೆ ಹೋಗಬಹುದು. ಅದರೊಡನೆ ಆಡಿದವರ ಮಾತೂ ಹೋಗುತ್ತದೆ. ಮುಂದಿನ ತಲೆಮಾರಿನ ಸಂಶೋಧಕರು ನಮ್ಮ ಕಾಲದ ಕೇಳುಗರು ಏನೆಂದರೆಂದು ಹುಡುಕಿ ಬರಿಗೈಯಲ್ಲಿ ಮರಳಬಾರದು.

ಕೊನೆಯದಾಗಿ ನಮ್ಮ ಕೈಯಲ್ಲಿ ಟೇಲರ್‌ಗೆ ಏನಾಯಿತೆಂದು ಕೇಳುವ ಹಕ್ಕು ಓದುಗರಿಗಿದೆ. ಮೊದಲ ಪ್ರಯತ್ನದಲ್ಲಿ ನಮ್ಮ ಪಾಂಡಿತ್ಯ ಪ್ರಯೋಜನಕ್ಕೆ ಬರಲಿಲ್ಲ. ಎಚ್ಚರವೆಂದು ನಾವು ತಿಳಿದದ್ದು ಅಂಜಿಕೆಯಾಗಿತ್ತು, ಟೇಲರ್ ಉಳಿಯಲಿಲ್ಲ. ಆ ದಿನ ನಮ್ಮ ಟಿಪ್ಪಣಿಯಲ್ಲಿ ಕೃತಿಯ ಕಥಾಸಂವಿಧಾನ ಶಿಥಿಲವೆಂದು ಬರೆದಿದ್ದೇವೆ. ಈಗ ಅದನ್ನು ಓದಿದರೆ, ಶಿಥಿಲವಾಗಿದ್ದದ್ದು ಕಥಾಸಂವಿಧಾನವಲ್ಲವೆಂದು ತಿಳಿಯುತ್ತದೆ.